ನನ್ನ ರಕ್ತ ಬೇಡವಾದ ಚಳಿಗಾಲ

ನಮ್ಮ ಹೋಟೆಲಿನ ಅಡುಗೆಭಟ್ಟರ ಹೆಂಡತಿಗೆ ಆಪರೇಷನ್ ಇತ್ತು. ಅವರಿಗಾಗಿ ರಕ್ತ ಕೊಟ್ಟು ಬಂದಿದ್ದೆ. ಸ್ವಲ್ಪ ದಿನಕ್ಕೆ ಬ್ಲಡ್ ಬ್ಯಾಂಕಿನಿಂದ ಫೋನು, ಒಮ್ಮೆ ಬಂದು ಹೋಗಿ ಅಂತ. ಗಲ್ಲಾವನ್ನು ಹೆಂಡತಿ ಸವಿತಾಳಿಗೆ ಒಪ್ಪಿಸಿ ದೆಹಲಿಯ ಮುನಿರ್ಕಾದಿಂದ ಹೊರಟೆ.

ಹೆಪಟೈಟಿಸ್ ಬಿ.

ಕೌನ್ಸೆಲರ್ ಹುಡುಗಿ ಮೆಲ್ಲಗೆ ಹೇಳುತ್ತಿದ್ದಳು. ಹೀಗೆ ರಕ್ತ ಕೊಡಲು ಬಂದಾಗಲೇ ಎಷ್ಟೋ ಜನರಿಗೆ ಇದು ಗೊತ್ತಾಗುವುದಂತೆ. ನಾನು ಕೊಟ್ಟದ್ದು ಯಾರಿಗೂ ಹೋಗಿಲ್ಲವಂತೆ, ಇನ್ನು ಕೊಡಬಾರದಂತೆ. ಅವಳ ಮಾತು ನೀರಿನೊಳಗಿಂದ ಬಂದ ಹಾಗೆ ಕೇಳಿಸಿತು. ಹೊರಗೆ ಮಂಜು. ಬಸ್ಸು, ಆಟೋ, ಮನುಷ್ಯರು ಅದರೊಳಗಿಂದ ಮೂಡಿ ಅದರೊಳಗೇ ಕರಗುತ್ತಿದ್ದರು.

ನೋವಿರಲಿಲ್ಲ. ಜ್ವರವಿರಲಿಲ್ಲ. ಆದರೂ ಹೋಟೆಲಿನೊಳಗೆ ಕಾಲಿಡಲು ಹೆದರಿಕೆ. ಊರವರಿಗೆ ಬಡಿಸುವ ಕೈ ಇದು.

ಲಿವರ್ ಡಾಕ್ಟರು ನಕ್ಕರು. "ಊಟದಿಂದ, ಮುಟ್ಟುವುದರಿಂದ ಹರಡೋದಿಲ್ಲ. ರೇಜರ್ ಬೇರೆ ಇಟ್ಟುಕೊಳ್ಳಿ. ಮನೆಯವರೆಲ್ಲ ಟೆಸ್ಟ್ ಮಾಡಿಸಲಿ."

ಸವಿತಾಳದು ನೆಗೆಟಿವ್, ಅವಳಿಗೆ ವ್ಯಾಕ್ಸಿನ್ ಶುರುವಾಯಿತು. ಹುಟ್ಟಿದಾಗಲೇ ವ್ಯಾಕ್ಸಿನ್ ಆಗಿದ್ದ ಮಗಳು ಅನ್ವಿಯದೂ ನೆಗೆಟಿವ್.

ಅಮ್ಮನದು ಪಾಸಿಟಿವ್.

ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದು ಎಂದರು ಡಾಕ್ಟರು. ಅಮ್ಮ ಪಕ್ಕದಲ್ಲೇ ಕೂತಿದ್ದಳು. ವಾಪಸ್ ಬರುವಾಗ ಆಟೋದಲ್ಲಿ, "ನನ್ನಿಂದಲಾ ಮಗಾ?" ಅಂದಳು.

"ನಿನಗೂ ಗೊತ್ತಿರಲಿಲ್ಲವಲ್ಲ ಅಮ್ಮ."

"ಗೊತ್ತಿರಲಿಲ್ಲ ಅಂದರೆ ಕೊಟ್ಟದ್ದು ಸುಳ್ಳಾಗ್ತದಾ?"

ಮರುದಿನದಿಂದ ಅಮ್ಮ ತಟ್ಟೆ, ಲೋಟ ಬೇರೆ ಮಾಡಿಕೊಂಡಳು. ಹೋಟೆಲಿನ ಮೇಲಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಒಬ್ಬಳೇ ಊಟ. ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ನೆನಪಿಸಿದರೂ ಹೂಂ ಅನ್ನುವಳು, ಅಷ್ಟೇ. ಆ ದಿನಗಳು ನನಗೆ ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಿವೆ. ಹೊಗೆಬಣ್ಣದ ಆಕಾಶ, ತೆಳು ಬಿಸಿಲು, ಕೆಳಗಿನಿಂದ ಕಾವಲಿಯ ಚುಂಯ್ ಸದ್ದು, ಅಮ್ಮ ಒಂದು ಮೂಲೆಯಲ್ಲಿ, ನಾನೊಂದು ಮೂಲೆಯಲ್ಲಿ.

ಒಂದು ಮಧ್ಯಾಹ್ನ ಅನ್ವಿ ಶಾಲೆಯಿಂದ ಬಂದವಳೇ ಅಜ್ಜಿಯ ತಟ್ಟೆಯ ಮುಂದೆ ಕೂತು ಬಾಯಿ ತೆರೆದಳು.

"ಬೇಡ ಪುಟ್ಟಿ, ಅಜ್ಜಿಗೆ ಕಾಯಿಲೆ."

"ಮುಝೆ ಪತಾ ಹೈ, ನಂಗೊತ್ತು, ಪಪ್ಪಾ ಹೇಳಿದ್ದಾರೆ. ಖಾನೇ ಸೆ ಕುಛ್ ನಹೀಂ ಹೋತಾ, ತಿಂದ್ರೆ ಏನೂ ಆಗಲ್ಲ. ಚಲೋ ಅಜ್ಜಿ, ಬೇಗ ಕೊಡು."

ಅಮ್ಮ ನನ್ನ ಮುಖ ನೋಡಿದಳು. ಕೊಡು ಎಂಬಂತೆ ನಾನು ತಲೆಯಾಡಿಸಿದೆ. ಪುಟ್ಟ ತುತ್ತೊಂದನ್ನು ಮಾಡಿ ಮೊಮ್ಮಗಳ ಬಾಯಿಗಿಟ್ಟಳು. ಅನ್ವಿ ತಿಂದಳು, ಇನ್ನೊಂದು ಕೇಳಿದಳು.

ಈಗ ಅಮ್ಮನಿಗೆ ದಿನಕ್ಕೊಂದು ಮಾತ್ರೆ. ನನಗೆ ಸದ್ಯಕ್ಕೆ ಟೆಸ್ಟ್ ಮಾತ್ರ. ವೈರಸ್ ನಮ್ಮೊಳಗೇ ಇದೆ, ಪೂರ್ತಿ ಹೋಗುವುದು ಅನುಮಾನ.

ಮೊನ್ನೆ ಇಬ್ಬರೂ ಸ್ಕ್ಯಾನ್ ಮಾಡಿಸಿದೆವು. ಮಬ್ಬುಗತ್ತಲ ಕೋಣೆಯ ಪರದೆಯಲ್ಲಿ ನನ್ನ ಲಿವರ್ ಮೋಡದ ತುಣುಕಿನಂತೆ ತೇಲುತ್ತಿತ್ತು. ಹೊರಗೆ ಬಂದಾಗ ಅಮ್ಮ, "ಹೇಗುಂಟಂತೆ?" ಅಂದಳು.

"ಇಬ್ಬರದೂ ಸದ್ಯಕ್ಕೆ ಚೆನ್ನಾಗಿದೆಯಂತೆ."

"ಹಾಗಾದರೆ ನಡಿ, ಹಸಿವಾಗ್ತದೆ."

ಗೇಟಿನ ಬಳಿ ಗಾಡಿಯ ಭಯ್ಯಾನ ಹತ್ತಿರ ಬಿಸಿ ನೆಲಗಡಲೆಯ ಒಂದೇ ಪೊಟ್ಟಣ ಕೊಂಡಳು. ಮೆಟ್ರೋ ಕಡೆ ನಡೆಯುತ್ತಾ ಸಿಪ್ಪೆ ಬಿಡಿಸಿ ಬಿಡಿಸಿ ಅರ್ಧ ತಾನು ತಿಂದಳು, ಅರ್ಧ ನನ್ನ ಅಂಗೈಗೆ ಹಾಕಿದಳು.