ಏಣಿಯಕ್ಕನ ಎದೆಯಲ್ಲಿಲ್ಲದ ಸ್ಪ್ರಿಂಗು

ಏಣಿಯಕ್ಕ ಹುಟ್ಟಿದ್ದು 1964ನೆಯ ಇಸವಿ ಫೆಬ್ರವರಿ 29, ಶನಿವಾರ. ಶಾಲೆಯ ದಾಖಲೆಯಲ್ಲಿ ಮಾರ್ಚ್ 1 ಎಂದಿದೆ. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನು ಬರೆದರೆ ಮುಂದೆ ತಲೆನೋವೆಂದು ಅಂದಿನ ಗುಮಾಸ್ತರು ಒಂದು ದಿನ ಮುಂದಕ್ಕೆ ತಳ್ಳಿದರಂತೆ. ಇಂಥ ಉದಾಸೀನವನ್ನು ಕ್ಷಮಿಸಲಾಗದು. ಈ ಬರಹದಲ್ಲಿ ಆಕೆಯ ವಯಸ್ಸನ್ನು ನಿಜವಾದ ದಿನಾಂಕದಿಂದಲೇ ಎಣಿಸಲಾಗಿದೆ.

ತಂದೆತಾಯಿ ಇಟ್ಟ ಹೆಸರೊಂದಿತ್ತು. ಗೋಡೆಗೆ ಬಣ್ಣ ಬಳಿಯುವ ಕಸುಬಿಗೆ ಇಳಿದ ಮೇಲೆ ಅದು ಮತದಾರರ ಪಟ್ಟಿಗೆ ಮಾತ್ರ ಉಳಿಯಿತು. 1983ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಸೋದರಮಾವನ ಹಿಂದೆ ಬಣ್ಣದ ಡಬ್ಬ ಹೊತ್ತು ಹೋದವಳು ಮೂರನೆಯ ವಾರಕ್ಕೆ ಏಣಿಯ ತುದಿಯಲ್ಲಿದ್ದಳು. ಹೆಣ್ಣುಮಗಳು ಅಷ್ಟು ಎತ್ತರ ಹತ್ತುವುದೇ ಎಂದು ಮನೆಯ ಯಜಮಾನರೊಬ್ಬರು ಹುಬ್ಬೇರಿಸಿದಾಗ, ಏಣಿಯೇ ಆ ಪ್ರಶ್ನೆ ಕೇಳಿಲ್ಲ, ನಿಮಗೇಕೆ ಎಂದು ಮೇಲಿನಿಂದಲೇ ಉತ್ತರಿಸಿದಳಂತೆ. ಅಂದಿನಿಂದ ಆಕೆ ಎಲ್ಲರಿಗೂ ಏಣಿಯಕ್ಕ.

ಆ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ನುಣುಪು ನೆಲದ ಮೇಲೆ ಒಬ್ಬರು ಏಣಿ ಹತ್ತಿದರೆ ಇನ್ನೊಬ್ಬರು ಬುಡ ಹಿಡಿಯಲೇಬೇಕು. ಎರಡು ಕೈ ಎರಡು ಬದಿಗೆ, ಒಂದು ಪಾದ ಕೆಳಮೆಟ್ಟಿಲಿಗೆ ಒತ್ತಿ, ಕಣ್ಣು ಮೇಲೆ, ಬಾಯಿ ಮುಚ್ಚಿ. ಬಾಯಿ ತೆರೆದರೆ ಬಣ್ಣ ಬೀಳುತ್ತದೆ. ಈ ಪಾಠವನ್ನು ಆಕೆ ತನ್ನ ತಮ್ಮನಿಗೆ ತಲೆಗೆ ಮೊಟಕಿ ಕಲಿಸಿದಳು. ಆ ತಮ್ಮನೇ ಮುಂದೆ ಗುತ್ತಿಗೆದಾರನಾಗಿ ಎಂಟು ಜನರಿಗೆ ಕೆಲಸ ಕೊಟ್ಟ. ಆದರೂ ಅಕ್ಕ ಹತ್ತುವಾಗ ಬುಡ ಹಿಡಿಯುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ.

2022ನೆಯ ಇಸವಿ ಸೆಪ್ಟೆಂಬರ್ 12, ಸೋಮವಾರ. ಆಕೆ ನಮ್ಮ ಮನೆಯ ಹಜಾರದ ಚಾವಣಿಯಂಚಿಗೆ ಬಣ್ಣ ಎಳೆಯುತ್ತಿದ್ದಾಗ ಅರ್ಧಕ್ಕೆ ಇಳಿದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಅಂಗೈಯಿಂದ ಎದೆಯನ್ನೊತ್ತಿಕೊಂಡಳು. ಗ್ಯಾಸು ಎಂದಳು. ಹತ್ತಿದಾಗ ಬಂದು ಇಳಿದಾಗ ಹೋಗುವ ಗ್ಯಾಸನ್ನು ತಾನು ಕಂಡಿಲ್ಲವೆಂದು ತಮ್ಮ ಆಸ್ಪತ್ರೆಗೆ ಎಳೆದೊಯ್ದ. ಟ್ರೆಡ್‌ಮಿಲ್ ಮೇಲೆ ನಡೆಸಿದರು, ಆಂಜಿಯೋಗ್ರಾಮ್ ಮಾಡಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒಂದು ಕಿರಿದಾಗಿತ್ತು. ಅಪಾಯದ ಅವಸರವೇನಿಲ್ಲ, ಆದರೆ ಶ್ರಮಪಟ್ಟಾಗ ನೋವು ಬರುತ್ತದೆ ಎಂದು ಹೇಳಿ ಡಾಕ್ಟರಮ್ಮ ಮಾತ್ರೆಗಳನ್ನು ಬರೆದುಕೊಟ್ಟರು.

ಅಕ್ಟೋಬರ್ 17ರಂದು ಅದೇ ಡಾಕ್ಟರಮ್ಮ ಒಂದು ಅಧ್ಯಯನದ ವಿಷಯ ಎತ್ತಿದರು. ಇಂಥ ನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ಜಾಲರಿಯ ಕೊಳವೆಯನ್ನು ಕೂರಿಸುವುದು ರೂಢಿ. ಜನರು ಅದನ್ನು ಸ್ಪ್ರಿಂಗು ಎನ್ನುತ್ತಾರೆ. ಕೂರಿಸಿದ ಮೇಲೆ ಅನೇಕರ ನೋವು ಹೋಗುತ್ತದೆ. ಹಾಗೆ ಹೋಗುವ ನೋವಿನಲ್ಲಿ ಸ್ಟೆಂಟಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ನನಗೆ ಚಿಕಿತ್ಸೆಯಾಯಿತು ಎಂಬ ಧೈರ್ಯದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವುದು ಅವರ ಉದ್ದೇಶ. ಮಾತ್ರೆ ಎಲ್ಲರಿಗೂ ಉಂಟು. ಅರ್ಧ ಜನರಿಗೆ ಸ್ಟೆಂಟ್ ಹಾಕುತ್ತಾರೆ. ಉಳಿದರ್ಧವನ್ನು ಅದೇ ಕೋಣೆಗೆ ಒಯ್ದು, ಅದೇ ಮಂಪರಿನ ಮದ್ದು ಕೊಟ್ಟು, ಮಣಿಕಟ್ಟಿನಿಂದ ಅದೇ ತಂತಿ ತೂರಿಸಿ, ಏನನ್ನೂ ಹಾಕದೆ ಹೊರತರುತ್ತಾರೆ. ಯಾರಿಗೆ ಯಾವುದೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಆರು ತಿಂಗಳು ರೋಗಿಗಾಗಲಿ, ಮನೆಯವರಿಗಾಗಲಿ, ನೋಡಿಕೊಳ್ಳುವ ಡಾಕ್ಟರಿಗಾಗಲಿ ಹೇಳುವಂತಿಲ್ಲ.

ಏಣಿಯಕ್ಕನಿಗೆ ಇದು ತಕ್ಷಣ ಅರ್ಥವಾಯಿತು. ದುಬಾರಿ ಬಣ್ಣವೇ ಹೊಳೆಯುತ್ತದೆ ಎನ್ನುವ ಗಿರಾಕಿಯೊಬ್ಬರ ಕೋಣೆಗೆ ತಾನು ಒಮ್ಮೆ ಎರಡು ಗೋಡೆ ಅಗ್ಗದ ಬಣ್ಣ, ಎರಡು ಗೋಡೆ ದುಬಾರಿಯದು ಬಳಿದು, ಯಾವುದು ಯಾವುದೆಂದು ಹೇಳದೆ ನಿಲ್ಲಿಸಿದ್ದ ಕಥೆ ಹೇಳಿದಳು. ಅವರು ಯಾವುದನ್ನು ಮೆಚ್ಚಿದರು ಎಂದು ಡಾಕ್ಟರಮ್ಮ ಕೇಳಿದರೆ, ಅವರು ಕಿಟಕಿಯನ್ನು ಮೆಚ್ಚಿದರು ಎಂದಳು. ಡಾಕ್ಟರಮ್ಮ ನಕ್ಕು ಕಣ್ಣೊರೆಸಿಕೊಂಡರಂತೆ. ಏಣಿಯಕ್ಕ ಸಹಿ ಹಾಕಿದಳು.

ಮನೆಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ದರ್ಜಿ, ಹೊಲಿಗೆ ಯಂತ್ರದ ಮುಂದಿನಿಂದ ಏಳದ, ಕತ್ತಿನ ಟೇಪು ತೆಗೆಯದ ಮನುಷ್ಯ. ಒಳಗೆ ಕರೆದೊಯ್ದ ಮೇಲೆ ಬರಿಗೈಲಿ ಕಳಿಸುವ ಡಾಕ್ಟರು ಭೂಮಿಯ ಮೇಲಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ನವೆಂಬರ್ 4, ಶುಕ್ರವಾರ, ಕಿವಿಗೆ ಹೆಡ್‌ಫೋನ್ ಹಾಕಿ ಕೊಳಲು ಕೇಳಿಸುತ್ತ ಆಕೆಯನ್ನು ಒಳಗೊಯ್ದರು. ಕೋಣೆಯ ಮಾತು ರೋಗಿಯ ಕಿವಿಗೆ ಬೀಳಬಾರದೆಂದು ಆ ವ್ಯವಸ್ಥೆ. ಹೊರಬಂದಾಗ ಮಣಿಕಟ್ಟಿನಲ್ಲಿ ನೇರಳೆ ಬಣ್ಣದ ಕಲೆ. ಅಂಗಡಿಗೆ ಬಂದವರಿಗೆಲ್ಲ ದರ್ಜಿ ಹೆಂಡತಿಯ ಕೈ ಹಿಡಿದು ಅದನ್ನು ತೋರಿಸಿದರು. ಸ್ಪ್ರಿಂಗು ಹೋದ ದಾರಿ ಇದೇ ಎಂದರು. ಎರಡು ಗುಂಪಿನವರಿಗೂ ಆ ಕಲೆ ಇರುತ್ತದೆ ಎಂಬುದನ್ನು ಯಾರು ಕೇಳಬೇಕು?

ನೋವು ಕಡಿಮೆಯಾಗುತ್ತ ಬಂತು. ಜನವರಿ 9ರ ಸೋಮವಾರ, ಡಾಕ್ಟರಮ್ಮನ ಅನುಮತಿಯೊಂದಿಗೆ, ಆಕೆ ಮತ್ತೆ ಏಣಿ ಹತ್ತಿದಳು. ತಮ್ಮ ಬುಡ ಹಿಡಿದ. ಅಧ್ಯಯನದವರು ಹಾಕಿಕೊಟ್ಟ ಆ್ಯಪ್‌ನಲ್ಲಿ ಪ್ರತಿ ಸಂಜೆ ಫೋನು ಎದೆನೋವು ಬಂತೇ ಎಂದು ಕೇಳುತ್ತಿತ್ತು. ಆಕೆ ‘ಇಲ್ಲ’ ಒತ್ತುತ್ತಿದ್ದಳು.

2023ನೆಯ ಇಸವಿ ಮೇ 5, ಶುಕ್ರವಾರ, ಯಾರಿಗೆ ಯಾವುದೆಂಬ ಗುಟ್ಟಿನ ಲಕೋಟೆ ಒಡೆಯಿತು.

‘‘ನಿಮಗೆ ಸ್ಟೆಂಟ್ ಹಾಕಿಲ್ಲ,’’ ಎಂದರು ಡಾಕ್ಟರಮ್ಮ.

ಏಣಿಯಕ್ಕ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡಳು. ‘‘ಹಾಗಾದ್ರೆ ಇಷ್ಟು ದಿನ ಹತ್ತಿದ್ದು ಯಾರು?’’

‘‘ನೀವೇ. ಮಾತ್ರೆ ಕೆಲಸ ಮಾಡಿರಬಹುದು, ಧೈರ್ಯ ಕೆಲಸ ಮಾಡಿರಬಹುದು. ಒಬ್ಬರನ್ನ ನೋಡಿ ಹೇಳೋಕಾಗಲ್ಲ, ಅದಕ್ಕೇ ಅಷ್ಟು ಜನ ಬೇಕು. ಈಗ ಬೇಕು ಅಂದ್ರೆ ಮುಂದಿನ ವಾರವೇ ಹಾಕ್ತೀವಿ.’’

‘‘ಹಾಕಿಸ್ಕೊಂಡ್ರೆ ಆಯಸ್ಸು ಜಾಸ್ತಿಯಾಗುತ್ತಾ?’’

‘‘ನಿಮ್ಮಂಥ ಸ್ಥಿತೀಲಿ ಹಾಗನ್ನೋಕೆ ಆಧಾರ ಇಲ್ಲ. ನೋವು ಕಾಡಿದ್ರೆ ಹಾಕಿಸ್ಕೊಳ್ಳಿ ಅಂತ ನಾನೇ ಹೇಳ್ತೀನಿ. ಮಾತ್ರೆ ಬಿಟ್ರೆ ಮಾತ್ರ ಜಗಳ ಆಡ್ತೀನಿ.’’

ನೋವಿಲ್ಲ, ಆದ್ದರಿಂದ ಬೇಡ ಎಂದು ಹೇಳಿ ಆಕೆ ಮನೆಗೆ ಬಂದಳು. ಮನೆಯಲ್ಲಿ ಆಕಾಶ ಕಳಚಿಬಿತ್ತು. ದರ್ಜಿ ಇದು ಹಗಲುದರೋಡೆ ಎಂದರು. ಕಲೆ ತೋರಿಸಿದ್ದ ಗಿರಾಕಿಗಳಿಗೆ ಈಗ ಯಾವ ಮುಖ ತೋರಿಸಲಿ ಎಂದರು. ನಾಳೆಯೇ ಹೋಗಿ ಹಾಕಿಸಿಕೊಳ್ಳಬೇಕೆಂದು ಪಟ್ಟು ಹಿಡಿದರು. ತಮ್ಮ ಮಾತ್ರ ಗದ್ದಲ ಮಾಡಲಿಲ್ಲ, ಅದೇ ಕೇಡು.

‘‘ಅಕ್ಕ, ಇನ್ಮೇಲೆ ಏಣಿ ಮುಟ್ಬೇಡ. ಕೆಳಗೆ ಕೂತು ಬಣ್ಣ ಕಲೆಸು, ಸಾಕು.’’

‘‘ನಿನ್ನೆ ಮುಟ್ಟಿದ್ನಲ್ಲೋ.’’

‘‘ನಿನ್ನೆ ಸ್ಪ್ರಿಂಗಿತ್ತು.’’

‘‘ನಿನ್ನೇನೂ ಇರ್ಲಿಲ್ಲ ಕಣೋ. ಇದ್ದಿದ್ದು ನಿನ್ನ ತಲೇಲಿ.’’

ಅವನು ಸೋಲಲಿಲ್ಲ. ಆಗ ಅವರ ಕೆಲಸ ನಡೆಯುತ್ತಿದ್ದುದು ಗ್ರಂಥಾಲಯದ ಓದುವ ಕೋಣೆಯಲ್ಲಿ: ಎತ್ತರದ ಚಾವಣಿ, ಗಾಜಿನಂತೆ ನುಣುಪಾದ ನೆಲ. ಮೇ 8ರ ಸೋಮವಾರ ಅಕ್ಕನಿಗೆ ಯಾರೂ ಏಣಿ ಹಿಡಿಯಕೂಡದೆಂದು ಎಂಟು ಜನರಿಗೂ ತಾಕೀತು ಮಾಡಿದ. ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡಂತಾಯಿತು. ಆಕೆ ಮರದ ಸ್ಟೂಲು ಎಳೆದುಕೊಂಡು, ಕಿಟಕಿಯ ಮೇಲಂಚಿಗೆ ಉಪ್ಪುಕಾಗದ ಉಜ್ಜತೊಡಗಿದಳು. ಆಗಲೇ ಎದೆ ಹಿಡಿಯಿತು. ಎಂಟು ತಿಂಗಳ ಹಿಂದಿನ ಅದೇ ಬಿಗಿತ.

ಇಳಿದು ಕುಳಿತಳು. ಯಾರೂ ನೋಡಿರಲಿಲ್ಲ. ಆ ಸಂಜೆಯೂ ಫೋನು ಕೇಳಿತು. ಗುಟ್ಟು ಒಡೆದ ಮೇಲೂ ಅಧ್ಯಯನದ ಈ ಪ್ರಶ್ನೆ ಇನ್ನಾರು ತಿಂಗಳು ನಡೆಯಬೇಕಿತ್ತು. ‘ಇಲ್ಲ’ ಎಂದು ಒತ್ತಿದ್ದರೆ ಮನೆಯ ಜಗಳದಲ್ಲಿ ಆಕೆಯ ಕೈ ಮೇಲಾಗುತ್ತಿತ್ತು. ಆಕೆ ‘ಹೌದು’ ಒತ್ತಿ, ಫೋನನ್ನು ಗಂಡನ ಯಂತ್ರದ ಮೇಲೆ ಅವರಿಗೆ ಕಾಣುವಂತೆ ಇಟ್ಟಳು. ದರ್ಜಿ, ನಾನು ಹೇಳಲಿಲ್ಲವೇ ಎಂದರು. ಹೇಳಿದಿರಿ, ಆದರೆ ಅದು ನೋವಿಗೆ ಉತ್ತರವಲ್ಲ, ಡಾಕ್ಟರಮ್ಮನಿಗೆ ತೋರಿಸಿಕೊಂಡು ಬರುತ್ತೇನೆ ಎಂದಳು.

ಆಸ್ಪತ್ರೆಯಿಂದ ಮರುದಿನವೇ ಕರೆ ಬಂತು. ಮೇ 16, ಮಂಗಳವಾರ, ಮತ್ತೆ ಟ್ರೆಡ್‌ಮಿಲ್. ಅಧ್ಯಯನದ ಸಿಸ್ಟರ್ ಪಕ್ಕದಲ್ಲಿ ನಿಂತು ಸಾಕೆನಿಸಿದರೆ ಹೇಳಿ ಎನ್ನುತ್ತಲೇ ಇದ್ದರು. ಸಾಕೆಂದು ಹೇಳಬೇಕಾದದ್ದು ಯಂತ್ರ ಎಂದು ಏಣಿಯಕ್ಕ ನಡೆಯುತ್ತಲೇ ಇದ್ದಳು. ಕಾಯಿಲೆ ಗೊತ್ತಾದ ದಿನಕ್ಕಿಂತ ಹೆಚ್ಚು ಹೊತ್ತು ನಡೆದಳು. ನೋವು ಬರಲಿಲ್ಲ, ಇಸಿಜಿಯಲ್ಲಿ ಹೊಸ ವ್ಯತ್ಯಾಸ ಕಾಣಲಿಲ್ಲ. ಅಂದು ಸ್ಟೂಲಿನ ಮೇಲೆ ಹಿಡಿದದ್ದು ನಾಳವೋ ಹೆದರಿಕೆಯೋ ಖಚಿತವಾಗಿ ಹೇಳಲಾರೆನೆಂದು ಡಾಕ್ಟರಮ್ಮ ಒಪ್ಪಿಕೊಂಡರು. ನಾಲಿಗೆಯಡಿ ಇಡುವ ಮಾತ್ರೆ ಜೇಬಿನಲ್ಲಿರಬೇಕು, ನೋವೆಂದರೆ ತಕ್ಷಣ ಇಳಿಯಬೇಕು, ಮತ್ತೆ ಮತ್ತೆ ಬಂದರೆ ಸ್ಟೆಂಟಿನ ಮಾತು ಆಡೋಣ. ಹತ್ತಬಹುದೇ? ಹತ್ತಬಹುದು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಆಕೆ ಗಂಡನಿಗೆ ಹೇಳಿದ್ದು ಇಷ್ಟೇ: ‘‘ರೀ, ಸ್ಪ್ರಿಂಗಿಗೆ ಆರು ತಿಂಗಳು ಕೈಮುಗಿದ್ರಿ. ಅದು ಅಲ್ಲಿರ್ಲೇ ಇಲ್ಲ. ನಾನಿದ್ದೆ. ನನ್ನನ್ನ ಒಂದ್ಸಲ ನಂಬಿ ನೋಡಿ.’’

ಮೇ 22, ಸೋಮವಾರ. ಗ್ರಂಥಾಲಯದಲ್ಲಿ ಚಾವಣಿಯಂಚು ಮಾತ್ರ ಉಳಿದಿತ್ತು. ನೇರ ಗೆರೆಗೆ ಏಣಿಯಕ್ಕನ ಕೈಯೇ ಬೇಕು; ಬೇರೆ ಇಬ್ಬರು ಎಳೆದ ಗೆರೆಗಳು ಹಾವು ಹರಿದಂತಿದ್ದುವು. ಆಕೆ ಡಬ್ಬ ಹಿಡಿದು ಏಣಿಯ ಪಕ್ಕ ನಿಂತಳು. ಡಾಕ್ಟರಮ್ಮನ ಮಾತನ್ನು ತಮ್ಮನಿಗೆ ವಾರದಲ್ಲಿ ಮೂರು ಬಾರಿ ತಿಳಿಸಿಯಾಗಿತ್ತು. ಅವನು ಕೈಕಟ್ಟಿ ಬಾಗಿಲಿಗೊರಗಿ ನಿಂತ. ಎಂಟು ಜನ ಎಂಟು ಕಡೆ ನೋಡಿದರು.

ಆಗ ಬಾಗಿಲಲ್ಲಿ ದರ್ಜಿ ಕಾಣಿಸಿಕೊಂಡರು, ಕತ್ತಿನಲ್ಲಿ ಟೇಪು ನೇತಾಡುತ್ತ.

‘‘ನನಗೇನೂ ಒಪ್ಪಿಗೆ ಇಲ್ಲ,’’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ‘‘ಆದ್ರೆ ಇವಳು ಹತ್ತೋದಂತೂ ಗ್ಯಾರಂಟಿ. ಬುಡದಲ್ಲಿ ಯಾರಾದ್ರೂ ಬೇಕಲ್ಲ.’’

ಏಣಿಯಕ್ಕ ಹತ್ತಿದಳು. ದರ್ಜಿ ಒಂದೇ ಬದಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡರು, ಪಾದವನ್ನು ಕೆಳಮೆಟ್ಟಿಲ ಮೇಲಿಟ್ಟು ಹಿಮ್ಮಡಿ ಕುಣಿಸಿದರು, ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡರು. ಏಣಿ ಸಣ್ಣಗೆ ನಡುಗಿತು. ಮೇಲಿದ್ದವಳು ನಿಲ್ಲಲೂ ಇಲ್ಲ, ಕೆಳಗೆ ನೋಡಲೂ ಇಲ್ಲ. ಇನ್ನೊಂದು ಮೆಟ್ಟಿಲು ಏರಿದಳು.

ಬಾಗಿಲ ಬಳಿಯಿದ್ದ ಕಟ್ಟಿದ ಕೈ ಬಿಚ್ಚಿತು.

‘‘ಭಾವ, ಅದೇನು ಹೊಲಿಗೆ ಮೆಷಿನ್ನಾ ತುಳಿಯೋಕೆ? ಸರ್ಕೊಳ್ಳಿ ಆಕಡೆ.’’

ದರ್ಜಿ ಕೂಡಲೇ ಸರಿದರು. ಅಷ್ಟು ಬೇಗ ಅವರು ಯಾವ ಕೆಲಸವನ್ನೂ ಬಿಟ್ಟುಕೊಟ್ಟವರಲ್ಲ. ತಮ್ಮ ಎರಡು ಬದಿಗೆ ಎರಡು ಕೈ ಕೊಟ್ಟ, ಪಾದ ಒತ್ತಿದ, ಮುಖವನ್ನು ಮೇಲೆತ್ತಿದ. ಏಣಿ ನೆಟ್ಟ ಕಂಬದಂತೆ ನಿಂತಿತು.

‘‘ಅಕ್ಕ, ಒಂಚೂರು ಎದೆ ಹಿಡೀತು ಅಂದ್ರೂ—’’

‘‘ಬಾಯಿ ಮುಚ್ಚೋ, ಬಣ್ಣ ಬೀಳುತ್ತೆ.’’

ಅವನು ಬಾಯಿ ಮುಚ್ಚಿದ. ಮೇಲೆ ಬ್ರಷ್ಷು ಚಾವಣಿಯಂಚಿಗೆ ತಾಗಿ, ಹಳೆಯ ಎರಡು ವಕ್ರ ಗೆರೆಗಳನ್ನು ಅಳಿಸುತ್ತ, ಕಿಟಕಿಯ ಮೂಲೆಯವರೆಗೆ ಒಂದೇ ಎಳೆತದಲ್ಲಿ ಹೋಯಿತು.