ಏಳಕ್ಷರದಲ್ಲಿ ಹಿಡಿಸದ ಹೆಸರು

ಆಗ ನಾನು ಕೊಚ್ಚಿಯ ಒಂದು ವೆಬ್ ಹೋಸ್ಟಿಂಗ್ ಕಂಪನಿಯಲ್ಲಿದ್ದೆ. ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಕೋಣೆ, ದಿನವಿಡೀ ಫೋನಿನಲ್ಲಿ ಗಿರಾಕಿಗಳ ಪಾಸ್‌ವರ್ಡ್ ಪುರಾಣ. ಅಂಥವಳು ರಜೆಯ ದಿನವೂ ಅದೇ ಕೆಲಸಕ್ಕೆ ತಿರುವನಂತಪುರದ ರೈಲು ಹತ್ತಿದೆನೆಂದರೆ, ಕರೆದವರು ಅಂಥವರು. ಕಾಸರಗೋಡಿನ ನಮ್ಮೂರಿನವರು, ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಕನ್ನಡ ಅನುವಾದಕರಾಗಿದ್ದು ನಿವೃತ್ತರಾಗಿ ಅಲ್ಲೇ ಉಳಿದ ಮಾವ. ನಂಟೇನೂ ಇಲ್ಲ. ನಮ್ಮ ಕಡೆ ಹಿರಿಯರೆಲ್ಲ ಮಾವಂದಿರೇ.

ಅವರ ಹೆಂಡತಿ ತೀರಿಕೊಂಡು ವರ್ಷವಾಗಿರಲಿಲ್ಲ. ಊರಿನಿಂದ ಚಿಕಿತ್ಸೆಗೆ ಬಂದು, ಮಲಯಾಳ ಸರಿಯಾಗಿ ಬಾರದೆ ಸ್ಟೇಷನ್ ಪಕ್ಕದ ತಂಪಾನೂರಿನ ಲಾಡ್ಜುಗಳಲ್ಲಿ ಕಂಗಾಲಾಗಿ ಕೂತವರಿಗೆ ಅತ್ತೆ ಗಂಜಿ ಒಯ್ಯುತ್ತಿದ್ದರು. ಆಸ್ಪತ್ರೆಗೆ ಜೊತೆಗೆ ಹೋಗಿ ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ವಾರ್ಡಿನಲ್ಲಿ ಅವರು ಬರೀ ಕನ್ನಡ ಚೇಚಿ, ಅಂದರೆ ಕನ್ನಡದ ಅಕ್ಕ. ಹೆಸರೇನೆಂದು ಯಾರೂ ಕೇಳಿದವರಲ್ಲ. ಆ ಕೆಲಸ ನಿಲ್ಲಬಾರದೆಂದು ಮಾವನಿಗೊಂದು ವೆಬ್‌ಸೈಟ್ ಬೇಕಿತ್ತು. ಹೊರಡುವ ಮೊದಲೇ ಊರಿನವರು ನೋಡಿ, ಇಲ್ಲಿ ಸಹಾಯಕ್ಕೆ ಬರುವ ಕನ್ನಡದವರಿಗೆ ಫೋನ್ ಮಾಡುವಂಥದ್ದು.

ಸ್ಟೇಷನ್ ಹತ್ತಿರದ ಇಂಟರ್ನೆಟ್ ಕೆಫೆಯಲ್ಲಿ ಕೂತೆವು. ಫೋನ್ ನಂಬರುಗಳನ್ನೆಲ್ಲ ಇಡುವ ಡೇಟಾಬೇಸ್ ಆಯಿತು, ಅದನ್ನು ತೆರೆಯಲು ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಕೊಡಬೇಕು, ಮೊದಲು ಯೂಸರ್‌ನೇಮ್ ಎಂದೆ. ಮಾವ ಇದಕ್ಕೇ ಕಾದಿದ್ದವರಂತೆ ಮನೆ ಹೆಸರು, ಅಪ್ಪನ ಹೆಸರು ಸೇರಿಸಿ ಅತ್ತೆಯ ಪೂರ್ತಿ ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ರೈಲಿನಷ್ಟು ಉದ್ದ! ಟೈಪ್ ಮಾಡಿದ್ದೇ ಕೆಂಪು ಅಕ್ಷರದಲ್ಲಿ ಬೈಗುಳ ಬಂತು. ಒಟ್ಟು ಹದಿನಾರೇ ಇಂಗ್ಲಿಷ್ ಅಕ್ಷರ. ಅದರಲ್ಲೂ ಖಾತೆಯ ಹೆಸರನ್ನು ಕಂಪ್ಯೂಟರೇ ಮುಂದೆ ಅಂಟಿಸಿಕೊಂಡು ನಮಗೆ ಬಿಟ್ಟದ್ದು ಏಳು.

“ಏಳರಲ್ಲಿ ಎಂತ ಹಿಡಿಸುದು?” ಎಂದರು ಮಾವ.

ಮೊಟಕು ಮಾಡೋಣ ಎಂದೆ. ಅವರ ಮುಖ ಬಾಡಿತು. ನನಗೆ ರೇಗಿತು. ಬೇಕಾದರೆ ಮೊದಲ ಪುಟದಲ್ಲೇ ಫೋಟೋ ಸಮೇತ ದೊಡ್ಡದಾಗಿ ಹೆಸರು ಹಾಕುತ್ತೇನೆ, ಇದನ್ನು ಯಾರೂ ನೋಡುವುದೇ ಇಲ್ಲವಲ್ಲ ಎಂದು ಗದರಿಯೇಬಿಟ್ಟೆ.

“ಅದಕ್ಕೇ ಮಗಾ ಇಲ್ಲಿ ಬೇಕಾದ್ದು. ನಾಲ್ಕು ಜನರ ಎದುರು ಹಾಕಿದ್ರೆ ಅವಳಿಗೆ ನಾಚಿಕೆ ಆಗ್ತದೆ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಸ್‌ವರ್ಡಿಗೆ ಆ ಮಿತಿ ಇರಲಿಲ್ಲ. ಮನೆಯವರ ಹೆಸರನ್ನು ಪಾಸ್‌ವರ್ಡ್ ಮಾಡಬೇಡಿ ಎಂದು ಕಂಡಕಂಡ ಗಿರಾಕಿಗೆಲ್ಲ ಉಪದೇಶ ಮಾಡುವವಳು ನಾನು. ಹಾಳಾಗಲಿ, ಎಂದುಕೊಂಡೆ. ಯೂಸರ್‌ನೇಮಿಗೆ ಏನೋ ಒಂದು ಗೀಚಿ, ಕೀಬೋರ್ಡನ್ನು ಮಾವನ ಕಡೆ ಸರಿಸಿದೆ. ಇಲ್ಲಿ ಎಷ್ಟುದ್ದ ಬೇಕಾದರೂ ಬರೆಯಿರಿ, ಇದಿಲ್ಲದೆ ಒಂದು ಫೋನ್ ನಂಬರೂ ಹೊರಗೆ ಬರುವುದಿಲ್ಲ ಎಂದೆ.

ಅವರು ಒಂದೇ ಬೆರಳಿನಲ್ಲಿ ಬರೆದರು. ಪರದೆಯಲ್ಲಿ ಚುಕ್ಕೆಗಳು ಸಾಲುಗಟ್ಟಿ ಪೆಟ್ಟಿಗೆಯ ಅಂಚಿನವರೆಗೂ ಹೋದವು. ಕೆಳಗೆ ಇನ್ನೊಂದು ಖಾಲಿ ಪೆಟ್ಟಿಗೆ. ತಪ್ಪಾಗಿಲ್ಲವೆಂಬ ಖಾತ್ರಿಗೆ ಅದನ್ನೇ ಮತ್ತೆ ಬರೆಯಬೇಕಿತ್ತು. ಪಾಪ, ಪುನಃ ಅಷ್ಟುದ್ದವೇ ಎಂದು ಸಂಕೋಚಪಡುತ್ತಲೇ ಹೇಳಿದೆ.

“ಇನ್ನೊಮ್ಮೆ ಬರೀಲಿಕ್ಕುಂಟಾ?” ಎಂದರು. ಬೆಳಗ್ಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮನೆ ಹೆಸರಿನಿಂದಲೇ ಶುರುಮಾಡಿದರು, ಈ ಸಲ ಇನ್ನೂ ನಿಧಾನವಾಗಿ.