ಹುಳ ಹತ್ತದ ಜೋಳ

ಗಬ್ಬೂರಿನ ಮದೀನಾಬಿ ಹಿತ್ತಲ ಕೋಣೆಯಲ್ಲಿ ಜೋಳಕ್ಕೆ ಬೇಕೆಂದೇ ಹುಳ ಹಿಡಿಸುತ್ತಾಳೆ. ಗಂಡ ಕಾಸಿಮಸಾಬ ಕಂಡವರ ಹೊಲಕ್ಕೆ ವಿಷದ ಎಣ್ಣೆ ಹೊಡೆದೂ ಹೊಡೆದೂ ಎದೆ ಕೆಡಿಸಿಕೊಂಡ ಮೇಲೆ ಅವಳು ಕಲಿತ ಕಸುಬು ಇದು. ಹುಳ ಪತಂಗವಾಗಿ ಇಡುವ ತತ್ತಿಗಳನ್ನು ಕಾರ್ಡಿಗೆ ಅಂಟಿಸಿ, ಸಾಸಿವೆಗಿಂತ ಸಣ್ಣ ಕಣಜಗಳನ್ನು ಅವುಗಳ ಮೇಲೆ ಬಿಡುತ್ತಾಳೆ. ಕಣಜ ಆ ತತ್ತಿಯೊಳಗೇ ತನ್ನ ತತ್ತಿ ಇಡುತ್ತದೆ. ಕಾರ್ಡನ್ನು ಹತ್ತಿ ಎಲೆಯ ಕೆಳಗೆ ಚುಚ್ಚಿದರೆ, ಹೊರಬಂದ ಹೊಸ ಕಣಜಗಳು ಕಾಯಿಕೊರಕದ ತತ್ತಿಗಳನ್ನು ಹುಡುಕಿ ಅಲ್ಲೇ ಮುಗಿಸುತ್ತವೆ. ಕೊರಕ ಹುಟ್ಟುವುದೇ ಇಲ್ಲ.

ಅಮ್ಮಿನಬಾವಿಯ ರಾಜಶೇಖರ ಅವಳ ಮಾತು ನಂಬಿ, ಅಕ್ಕಪಕ್ಕದ ಹೊಲದವರು ನಗುತ್ತಿದ್ದರೂ ಹತ್ತಿಗೆ ಎಣ್ಣೆ ಹೊಡೆಯದೆ ಕಾದಿದ್ದ. ಹೂ ಬಿಡುವ ಹೊತ್ತಿಗೆ ಕಾರ್ಡು ಕೊಡಬೇಕಿತ್ತು. ಅಷ್ಟರಲ್ಲಿ ಅವಳ ತಟ್ಟೆಗಳ ಜೋಳದಲ್ಲಿದ್ದ ಹುಳುಗಳೆಲ್ಲ ಸತ್ತವು.

ಮದೀನಾಬಿ ಆ ಜೋಳವನ್ನು ಚೀಲಕ್ಕೆ ತುಂಬಿ ದುರ್ಗದಬೈಲಿನ ಪೇಟೆಗೆ ಹೋದಳು. ಅದನ್ನು ಮಾರಿದ್ದ ಕಾಳಿನ ವ್ಯಾಪಾರಿ ತ್ರ್ಯಂಬಕನ ಗಾದಿಯ ಮೇಲೆಯೇ ಸುರಿದಳು.

“ಔಷಧ ಕಲಸಬ್ಯಾಡ್ರಿ ಅಂತ ಹೇಳಿದ್ದೆನೋ ಇಲ್ಲೋ, ಸಾವಕಾರ್ರ?”

“ಹೇಳಿದ್ರಿ. ಆದ್ರ ನಮ್ಮ ಅಂಗಡಿ ಜ್ವಾಳಕ್ಕ ಹುಳಾ ಹತ್ತಿದ್ರ ನಮ್ಮಪ್ಪನ ಹೆಸರು ಏನಾಗಬೇಕ್ರಿ? ನೀವು ಹಳೇ ಗಿರಾಕಿ ಅಂತ ನಾನ ನಿಂತು ಪುಡಿ ಕಲಸಿಸೇನಿ.” ತ್ರ್ಯಂಬಕ ನಕ್ಕ. “ಹುಳಾ ಸತ್ವು ಅಂತ ಜಗಳಕ್ಕ ಬಂದವರು ನೀವೊಬ್ಬರ ನೋಡ್ರಿ, ಅಕ್ಕಾರ.”

“ಹುಳಾನ ಬದುಕದ ಜ್ವಾಳ ಮಂದಿ ಹೊಟ್ಟಿಗೆ ಹಾಕ್ತೀರಿ. ನಿಮ್ಮ ಮನ್ಯಾಗೂ ಇದರ ರೊಟ್ಟಿನ ಬಡೀತಾರೇನ್ರಿ?”

ಜೋಳ ನೋಡುತ್ತಿದ್ದ ಗಿರಾಕಿಗಳು ಚೀಲದಿಂದ ಕೈ ತೆಗೆದರು. ತ್ರ್ಯಂಬಕ ಹಮಾಲನಿಗೆ ಕಣ್ಣಲ್ಲೇ ಏನೋ ಹೇಳಿದ. ಒಳಗಿನಿಂದ ಬೇರೆ ಚೀಲ ಬಂತು. ಬೇವಿನ ಎಲೆ ಹಾಕಿ ಬಾಯಿ ಹೊಲಿದಿಟ್ಟ, ಅವನ ಸ್ವಂತ ಮನೆಯ ಚೀಲ. ಮದೀನಾಬಿ ಹೊಲಿಗೆ ಬಿಚ್ಚಿಸಿ ಕೈಯಿಂದ ಕೆದಕಿದಳು. ಕಾಳಿನ ನಡುವೆ ನುಸಿಯೊಂದು ಆರಾಮವಾಗಿ ಹರಿದಾಡುತ್ತಿತ್ತು.

“ಇದನ್ನ ತೂಗ್ರಿ,” ಎಂದಳು.

ಆದರೆ ಹೊಸ ಜೋಳದಲ್ಲಿ ಹುಳ ಬೆಳೆದು ಪತಂಗವಾಗಲು ತಿಂಗಳಿಗೂ ಮೇಲೆ ಬೇಕು. ಹತ್ತಿ ಅಷ್ಟು ದಿನ ಕಾಯುವುದಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಅವಳು ರಾಜಶೇಖರನಿಗೆ ಫೋನ್ ಮಾಡಿದಳು.

“ತಮ್ಮಾ, ಈ ಸಲ ಕಾರ್ಡ್ ಆಗೂದಿಲ್ಲ.”

“ಹಂಗಾರ ಎಣ್ಣಿ ಹೊಡೀಲೇನ್ರಿ, ಅಕ್ಕಾ?”

ಬೇಡವೆನ್ನಲು ಅವಳ ಬಳಿ ಏನೂ ಉಳಿದಿರಲಿಲ್ಲ.

“ಹೊಡಿ,” ಎಂದಳು, ತ್ರ್ಯಂಬಕನನ್ನೇ ನೋಡುತ್ತ. “ಯಾಕ ಹೊಡದಿ ಅಂತ ಮಂದಿ ಕೇಳಿದ್ರ ದುರ್ಗದಬೈಲಿನ ತ್ರ್ಯಂಬಕ ಸಾವಕಾರ್ರ ಹೆಸರು ಹೇಳು. ಅವರಪ್ಪನ ಹೆಸರೂ ಹೇಳು. ಅದರ ಚಿಂತಿ ಅವರಿಗೆ ಭಾಳ ಐತಿ.”